ತೋಪಿನ ಹಿಂಬಾಗಿಲು

ಹಳೆಯ ಯಂತ್ರಗಳ ಮೇಲೆ ಕೊಯಮತ್ತೂರಿಗೆ ಇರುವ ಅಕ್ಕರೆ ಇಂದು ನಿನ್ನೆಯದಲ್ಲ. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಒಂದು ಬಸ್ಸನ್ನು ಓಡಿಸಿ ಉದ್ಯಮಕ್ಕೆ ಕಾಲಿಟ್ಟ ಜಿ.ಡಿ. ನಾಯ್ಡು ಅವರ ಊರು ಇದು. ಅವಿನಾಶಿ ರಸ್ತೆಯಲ್ಲಿ ಆ ಮನೆತನದ ಹೆಸರಿನಲ್ಲಿರುವ ಕಾರುಗಳ ಸಂಗ್ರಹಾಲಯಕ್ಕೆ ಹೋದ ಮಕ್ಕಳು, ತಾತಂದಿರ ಕಾಲದ ಗಾಡಿಗಳು ಇನ್ನೂ ಹೊಳೆಯುತ್ತಿರುವುದನ್ನು ಕಂಡು ಬೆರಗಾಗುತ್ತಾರೆ. ಹಳೆಯ ಕಾರನ್ನು ಉಳಿಸಿಕೊಂಡವನ ಭಯಗಳು ಸಣ್ಣವು: ತುಕ್ಕು, ಸಿಗದ ಬಿಡಿಭಾಗ, ಒಡೆದ ಗಾಜು. ಅದೇ ಅಕ್ಕರೆ ಒಂದು ಹಳೆಯ ಯುದ್ಧಟ್ಯಾಂಕಿನ ಕಡೆಗೆ ತಿರುಗಿದಾಗ ಲೆಕ್ಕವೇ ಬೇರೆಯಾಗುತ್ತದೆ. ಸೇವೆಯಿಂದ ತೆಗೆದ ಟ್ಯಾಂಕುಗಳನ್ನು ನಮ್ಮ ಸೇನೆಯು ಸ್ಮಾರಕಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಕೊಡುವುದುಂಟು. ದೇಶದ ಎಷ್ಟೋ ಊರುಗಳ ವೃತ್ತಗಳಲ್ಲಿ, ಕಾಲೇಜುಗಳ ಅಂಗಳದಲ್ಲಿ ಅವು ನಿಂತಿವೆ. ಹಬ್ಬದ ದಿನ ಮಕ್ಕಳು ಅವುಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಎಲ್ಲರ ಕಣ್ಣೂ ಮುಂದೆ ಚಾಚಿದ ನಳಿಕೆಯ ಮೇಲೆ. ಅಪಾಯವಿರುವುದು ಮಾತ್ರ ಹಿಂದೆ, ಗೋಪುರದ ಒಳಗೆ, ಇಂಗ್ಲಿಷಿನವರು ಬ್ರೀಚ್ ಎಂದು ಕರೆಯುವ ಭಾಗದಲ್ಲಿ.

ಕನ್ನಡದಲ್ಲಿ ತೋಪು ಎಂದರೆ ಮಾವಿನ ತೋಪೂ ಹೌದು, ಗುಂಡು ಹಾರಿಸುವ ತೋಪೂ ಹೌದು. ಟ್ಯಾಂಕು ಎಂದರೆ ಮನೆಯ ಮೇಲಿನ ನೀರಿನ ತೊಟ್ಟಿಯೂ ಹೌದು. ಎರಡೂ ಸೌಮ್ಯವಾದ ಮಾತುಗಳು. ಬ್ರೀಚಿಗೆ ಕನ್ನಡದಲ್ಲಿ ನೆಲೆನಿಂತ ಹೆಸರು ಇಲ್ಲವಾದ್ದರಿಂದ ಇಲ್ಲಿ ಅದನ್ನು ತೋಪಿನ ಹಿಂಬಾಗಿಲು ಎನ್ನೋಣ. ಆ ಬಾಗಿಲನ್ನು ಮುಚ್ಚುವ ಉಕ್ಕಿನ ದಿಮ್ಮಿಯನ್ನು ಅಗುಳಿ ಎನ್ನೋಣ.

ಮೊದಲಿಗೆ ತೋಪುಗಳಿಗೆ ಹಿಂಬಾಗಿಲು ಇರಲಿಲ್ಲ. ವಿಜಯಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿದವರಿಗೆ ಇದು ಗೊತ್ತು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಹೊಯ್ದ ಆ ಕಂಚಿನ ದೈತ್ಯನ ಹಿಂಭಾಗ ಗಟ್ಟಿ. ಮದ್ದನ್ನೂ ಗುಂಡನ್ನೂ ಬಾಯಿಯಿಂದಲೇ ತುಂಬಬೇಕು, ಕಿವಿಯ ತೂತಿನಲ್ಲಿ ಬೆಂಕಿ ಮುಟ್ಟಿಸಬೇಕು. ಬೆಂಕಿ ಹಚ್ಚಿದವನು ಸದ್ದಿನಿಂದ ಪಾರಾಗಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂಬ ಕಥೆಯನ್ನು ಅಲ್ಲಿನ ಮಾರ್ಗದರ್ಶಕರು ಇಂದಿಗೂ ಹೇಳುತ್ತಾರೆ. ಬಾಯಿಯಿಂದ ತುಂಬುವ ತೋಪು ನಿಧಾನ. ಟ್ಯಾಂಕಿನೊಳಗೆ ಕುಳಿತವನಂತೂ ಹೊರಗೆ ಬಂದು ನಳಿಕೆಯ ತುದಿಗೆ ಹೋಗಿ ತುಂಬುವಂತಿಲ್ಲ. ಆದುದರಿಂದ ಹಿಂದಿನಿಂದ ತುಂಬುವ ವ್ಯವಸ್ಥೆ ಬಂತು. ಒಂದು ಅನುಕೂಲ ಸಿಕ್ಕಿತು, ಜೊತೆಗೆ ಒಂದು ಸಂಕಟವೂ ಸಿಕ್ಕಿತು: ಸಿಡಿಯುವ ಕ್ಷಣದಲ್ಲಿ ಆ ಬಾಗಿಲು ತೆರೆದಿದ್ದರೆ, ಅಥವಾ ಕೂದಲೆಳೆಯಷ್ಟು ಸಂದು ಬಿಟ್ಟಿದ್ದರೆ, ಬೆಂಕಿ ಶತ್ರುವಿನ ಕಡೆಗೆ ಹೋಗುವ ಬದಲು ತುಂಬಿದವನ ಮುಖಕ್ಕೆ ಬರುತ್ತದೆ.

ಆ ಬೆಂಕಿಯ ಬಲವನ್ನು ಎಂಟನೆಯ ತರಗತಿಯ ಮಕ್ಕಳು ತಾವೇ ಲೆಕ್ಕ ಹಾಕಬಹುದು. ಆವಡಿಯ ಕಾರ್ಖಾನೆಯಿಂದ 1965ರಿಂದ ಹೊರಬಂದ ನಮ್ಮ ವಿಜಯಂತ ಟ್ಯಾಂಕಿನ ತೋಪಿನ ನಳಿಕೆಯ ಒಳವ್ಯಾಸ 105 ಮಿಲಿಮೀಟರು. ತ್ರಿಜ್ಯ 5.25 ಸೆಂಟಿಮೀಟರು. ವೃತ್ತದ ವಿಸ್ತೀರ್ಣದ ಸೂತ್ರಕ್ಕೆ ಹಾಕಿದರೆ ಸುಮಾರು 86 ಚದರ ಸೆಂಟಿಮೀಟರು ಬರುತ್ತದೆ, ಊಟದ ತಟ್ಟೆಗಿಂತ ಚಿಕ್ಕದು. ಮದ್ದು ಉರಿದಾಗ ಇಂಥ ತೋಪುಗಳಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಏಳುವ ಒತ್ತಡ ಮೂರು ಸಾವಿರ ಕಿಲೋ ಮುಟ್ಟುತ್ತದೆ. ಕಾರಿನ ಟಯರಿನಲ್ಲಿ ಇರುವುದು ಸುಮಾರು ಎರಡು ಕಿಲೋ. ಗುಣಿಸಿ ನೋಡಿದರೆ ಅಗುಳಿಯ ಮುಖದ ಮೇಲೆ ಬೀಳುವ ಭಾರ 250 ಟನ್ನಿಗೂ ಹೆಚ್ಚು, ತುಂಬಿದ ಹತ್ತು ದೊಡ್ಡ ಲಾರಿಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು. ಅದೂ ಕಣ್ಣು ಮಿಟುಕಿಸುವುದಕ್ಕಿಂತ ಬೇಗ.

ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಏರುವ ಪುಟ್ಟ ರೈಲಿನಲ್ಲಿ ಹೋದವರು ಅರುವಂಕಾಡಿನ ನಿಲ್ದಾಣವನ್ನು ನೋಡಿರುತ್ತಾರೆ. ಅಲ್ಲಿನ ಕಾರ್ಡೈಟ್ ಕಾರ್ಖಾನೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ತಯಾರಾಗುತ್ತಿರುವುದು ಗುಂಡನ್ನು ನೂಕುವ ಇಂಥ ಮದ್ದೇ. ಬಯಲಿನಲ್ಲಿ ಹಚ್ಚಿದರೆ ಅದು ಜೋರಾಗಿ ಉರಿದುಹೋಗುತ್ತದೆ, ಅಷ್ಟೆ. ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ಒತ್ತಡವಾಗುತ್ತದೆ. ಬಾಗಿಲು ಮುಚ್ಚಿದೆಯೇ ಇಲ್ಲವೇ ಎಂಬುದರ ಮೇಲೆ ಮದ್ದಿನ ಸ್ವಭಾವವೇ ಬದಲಾಗುತ್ತದೆ ಎಂದರೂ ತಪ್ಪಿಲ್ಲ.

ಇಷ್ಟು ಒತ್ತಡವನ್ನು ಬರಿಯ ಉಕ್ಕಿನ ಅಗುಳಿ ತಡೆಯಬಲ್ಲದು, ಆದರೆ ಅಗುಳಿ ಮತ್ತು ನಳಿಕೆಯ ನಡುವಿನ ಸಂದಿನಿಂದ ಅನಿಲ ನುಸುಳದಂತೆ ಮಾಡುವುದು ಉಕ್ಕಿನಿಂದ ಆಗದ ಕೆಲಸ. ಕೊಯಮತ್ತೂರಿನ ಪಂಪ್‌ಸೆಟ್ ಬಿಚ್ಚಿ ನೋಡಿದ ಯಾವ ಫಿಟ್ಟರನಿಗೂ ಇದು ಗೊತ್ತಿರುವ ಮಾತು. ಎರಡು ಗಟ್ಟಿ ಲೋಹಗಳ ನಡುವೆ ಒಂದು ಮೆತ್ತನೆಯ ವಾಷರು ಬೇಕು. ವಿಜಯಂತ, ರಷ್ಯದ ಟಿ-55, 1965ರಲ್ಲಿ ಪಾಕಿಸ್ತಾನದಿಂದ ವಶಪಡಿಸಿಕೊಂಡ ಪ್ಯಾಟನ್, ಈ ಹಳೆಯ ಟ್ಯಾಂಕುಗಳಲ್ಲಿ ಆ ಕೆಲಸವನ್ನು ಮದ್ದು ತುಂಬಿದ ಲೋಹದ ತೋಟಾ ತಾನೇ ಮಾಡುತ್ತದೆ. ಒತ್ತಡಕ್ಕೆ ತೋಟಾದ ತೆಳುವಾದ ಗೋಡೆ ಹಿಗ್ಗಿ ನಳಿಕೆಗೆ ಅಂಟಿಕೊಂಡು ಸಂದನ್ನು ಮುಚ್ಚುತ್ತದೆ; ಒತ್ತಡ ಇಳಿದಾಗ ಕುಗ್ಗಿ ಸಡಿಲವಾಗುತ್ತದೆ. ಬಟ್ಟೆಯ ಚೀಲದಲ್ಲಿ ಮದ್ದು ತುಂಬುವ ಬೇರೆ ಬಗೆಯ ತೋಪುಗಳಿವೆ. ಅವುಗಳಲ್ಲಿ ತೋಟಾ ಇಲ್ಲ, ಆದ್ದರಿಂದ ಹಿಂಬಾಗಿಲಿನಲ್ಲಿಯೇ ಸೀಲುಗಳನ್ನು ಕೂರಿಸಬೇಕು.

ಆ ಸೀಲುಗಳಲ್ಲಿ ಒಂದು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಬ್ರಿಟಿಷ್ ಸೇನೆ 2017ರ ಜೂನ್ 14ರಂದು ಕಂಡಿತು. ವೇಲ್ಸ್ ಪ್ರಾಂತದ ಕ್ಯಾಸಲ್‌ಮಾರ್ಟಿನ್ ಎಂಬಲ್ಲಿ ಗುಂಡು ಹಾರಿಸುವ ಅಭ್ಯಾಸ ನಡೆಯುತ್ತಿತ್ತು. ಟ್ಯಾಂಕು ಹಳೆಯದೇನೂ ಅಲ್ಲ, ಆ ದೇಶದ ಮುಖ್ಯ ಟ್ಯಾಂಕಾದ ಚಾಲೆಂಜರ್-2. ಅದರ ತೋಪು ಚೀಲದ ಮದ್ದಿನದು. ಹಿಂಬಾಗಿಲಿನೊಳಗಿನ ಒಂದು ಸೀಲಿನ ಜೋಡಣೆಯನ್ನು ಯಾವುದೋ ಹೊತ್ತಿನಲ್ಲಿ ಬಿಚ್ಚಿ ತೆಗೆದಿದ್ದವರು ಮತ್ತೆ ಕೂರಿಸಿರಲಿಲ್ಲ. ಅದು ಇದೆಯೇ ಎಂದು ಯಾರೂ ನೋಡಲಿಲ್ಲ. ಗುಂಡು ಹಾರಿಸಿದಾಗ ಉರಿಯುವ ಅನಿಲ ಗೋಪುರದೊಳಕ್ಕೆ ನುಗ್ಗಿತು. ಪೆಟ್ಟಿಗೆಯೊಳಗೆ ಭದ್ರವಾಗಿ ಇರಬೇಕಾಗಿದ್ದ ಮದ್ದಿನ ಚೀಲಗಳು ಹೊರಗಿದ್ದವು, ಅವಕ್ಕೂ ಬೆಂಕಿ ಹತ್ತಿತು. ನಾಲ್ವರಲ್ಲಿ ಇಬ್ಬರು ಸತ್ತರು, ಇಬ್ಬರು ಗಂಭೀರವಾಗಿ ಗಾಯಗೊಂಡರು. ಮರುವರ್ಷ ನಡೆದ ನ್ಯಾಯವಿಚಾರಣೆಯಲ್ಲಿ ಸೀಲು ಇಲ್ಲದಿದ್ದುದೇ ಮುಖ್ಯ ಕಾರಣವೆಂದು ತೀರ್ಮಾನವಾಯಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಅಲ್ಲಿ ಹೊರಬಿತ್ತು. ಆ ಸೀಲು ಇಲ್ಲದಿದ್ದರೂ ತೋಪು ಸಿಡಿಯುವಂತೆಯೇ ವಿನ್ಯಾಸವಾಗಿತ್ತು.

ಸೋಮನೂರಿನಲ್ಲೋ ಪಲ್ಲಡದಲ್ಲೋ ವಿದ್ಯುತ್ ಮಗ್ಗದ ಮುಂದೆ ಬೆಳೆದ ಮಗುವಿಗೆ ಈ ದೋಷ ತಟ್ಟನೆ ಅರ್ಥವಾಗುತ್ತದೆ. ಹೊಕ್ಕಿನ ನೂಲು ಹರಿದರೆ ಮಗ್ಗ ತಾನೇ ನಿಲ್ಲುತ್ತದೆ. ನೇಯುವವನು ಪಕ್ಕದ ಮಗ್ಗದ ಕಡೆ ತಿರುಗಿದ್ದರೂ, ನಿದ್ದೆಗಣ್ಣಿನಲ್ಲಿದ್ದರೂ ಬಟ್ಟೆ ಕೆಡುವುದಿಲ್ಲ. ಕೆಲವು ರೂಪಾಯಿಯ ಬಟ್ಟೆಗೆ ಇರುವ ಈ ಕಾವಲು ಕೋಟಿಗಟ್ಟಲೆ ಬೆಲೆಯ ತೋಪಿಗೆ ಇರಲಿಲ್ಲ! ಎಚ್ಚರವಾಗಿರಿ ಎಂದು ಮನುಷ್ಯನಿಗೆ ಹೇಳುವುದು ಸುಲಭ. ತಪ್ಪಿದಾಗ ತಾನಾಗಿ ನಿಲ್ಲುವ ಯಂತ್ರವನ್ನು ಮಾಡುವುದು ಕಷ್ಟ. ಕಷ್ಟವಾದುದನ್ನು ಬಿಟ್ಟು ಸುಲಭವಾದುದನ್ನು ಹಿಡಿದ ಕಡೆಗಳಲ್ಲೆಲ್ಲ ಸಾಯುವವರು ಕೆಳಗಿನ ದರ್ಜೆಯವರು.

ಬಾಗಿಲನ್ನು ಬೇಕೆಂದೇ ತೆರೆದಿಟ್ಟ ತೋಪೂ ಒಂದುಂಟು. 1965ರ ಸೆಪ್ಟೆಂಬರಿನಲ್ಲಿ ಅಸಲ್ ಉತ್ತರದಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಅವರು ಪ್ಯಾಟನ್ ಟ್ಯಾಂಕುಗಳನ್ನು ಒಡೆದದ್ದು ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರಿನ ಹಿನ್ನೆಗೆತವಿಲ್ಲದ ತೋಪಿನಿಂದ. ಅದರ ಹಿಂಭಾಗದಲ್ಲಿ ರಂಧ್ರಗಳಿವೆ. ಅನಿಲದ ಒಂದು ಪಾಲು ಹಿಂದಕ್ಕೆ ಹಾರುವುದರಿಂದ ತೋಪು ಒದೆಯುವುದಿಲ್ಲ, ಹಗುರವಾದ ಜೀಪೂ ಅದನ್ನು ತಾಳಿಕೊಳ್ಳುತ್ತದೆ. ಆದರೆ ಹಿಂದೆ ನಿಂತವನು ಉಳಿಯುವುದಿಲ್ಲ. ಟ್ಯಾಂಕಿನ ಗೋಪುರದೊಳಗೆ ಅಂಥ ತೋಪನ್ನು ಇಡಲಾಗದು ಎಂಬುದು ಬಿಡಿಸಿ ಹೇಳಬೇಕಾದ ಮಾತಲ್ಲ.

ಹಳೆಯ ಟ್ಯಾಂಕಿನ ಹಿಂಬಾಗಿಲು ಮದ್ದುಗುಂಡು ಇಲ್ಲದಾಗಲೂ ಕೈ ಕತ್ತರಿಸಬಲ್ಲದು. ಇದನ್ನು ಅರಿಯಲು ಅದರ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿಜಯಂತ ಮತ್ತು ಟಿ-55ರಲ್ಲಿ ಅಗುಳಿ ಅಡ್ಡಕ್ಕೆ ಜಾರುತ್ತದೆ, ಪ್ಯಾಟನ್ನಿನಲ್ಲಿ ಮೇಲೆ ಕೆಳಗೆ. ಗುಂಡು ಹಾರಿದೊಡನೆ ಇಡೀ ನಳಿಕೆ ಹಿಂದಕ್ಕೆ ಒದೆದು, ಮತ್ತೆ ಮುಂದಕ್ಕೆ ಬರುವಾಗ ಅಗುಳಿಯನ್ನು ತಾನೇ ತೆರೆಸುತ್ತದೆ. ಖಾಲಿ ತೋಟಾ ಹಿಂದಕ್ಕೆ ಹಾರಿ ಬೀಳುತ್ತದೆ. ಅಗುಳಿಯನ್ನು ಮುಚ್ಚಲು ಬಲವಾದ ಒಂದು ಸ್ಪ್ರಿಂಗು ಎಳೆಯುತ್ತಲೇ ಇರುತ್ತದೆ. ಅದನ್ನು ಮುಚ್ಚಗೊಡದೆ ಹಿಡಿದಿರುವುದು ತೋಟಾವನ್ನು ಹೊರಗೆಳೆಯುವ ಎರಡು ಕೊಕ್ಕೆಗಳು. ಹೊಸ ಗುಂಡನ್ನು ಒಳಕ್ಕೆ ನೂಕಿದಾಗ ತೋಟಾದ ಅಂಚು ಕೊಕ್ಕೆಗಳಿಗೆ ತಗಲುತ್ತದೆ, ಹಿಡಿತ ತಪ್ಪುತ್ತದೆ, ಹತ್ತಾರು ಕಿಲೋ ತೂಕದ ಅಗುಳಿ ಪಟ್ಟೆಂದು ಬಂದು ಮುಚ್ಚುತ್ತದೆ. ಗುಂಡು ತುಂಬುವವನಿಗೆ ಕಲಿಸುವ ಮೊದಲ ಪಾಠ ಬೆರಳು ಚಾಚದೆ ಮುಷ್ಟಿ ಬಿಗಿದು ನೂಕುವುದು, ನೂಕಿದ ಕೈಯನ್ನು ಹಾಗೆಯೇ ಅಗುಳಿಯ ದಾರಿಯಿಂದ ಆಚೆಗೆ ಸರಿಸುವುದು. ಚಾಚಿದ ಹೆಬ್ಬೆರಳು ಬಾಗಿಲಿನಲ್ಲಿ ಉಳಿದುಬಿಡುತ್ತದೆ.

ಆದುದರಿಂದ ತೆರೆದಿರುವ ಹಿಂಬಾಗಿಲು ಹೂಡಿಟ್ಟ ಇಲಿಗತ್ತರಿಗೆ ಸಮಾನ. ಒಳಗೇನಿದೆ ಎಂದು ಇಣುಕಿದ ಹುಡುಗ ಕೈ ಹಾಕಿ ಕೊಕ್ಕೆಯನ್ನು ಒತ್ತಿದರೆ ಸಾಕು.

ಇಂಥ ತೋಪನ್ನು ಸಂಗ್ರಹಾಲಯದಲ್ಲಿ ಚಾಲೂ ಸ್ಥಿತಿಯಲ್ಲಿ ಇಟ್ಟುಕೊಂಡು ಬರುವವರ ಶಿಸ್ತು ದೊಡ್ಡದು. ಮೊದಲನೆಯದಾಗಿ, ಕಣ್ಣಿಂದ ನೋಡಿ ಖಾತರಿಯಾಗುವ ತನಕ ಪ್ರತಿಯೊಂದು ತೋಪೂ ತುಂಬಿದೆ ಎಂದೇ ಭಾವಿಸಬೇಕು. ನಿನ್ನೆ ನೋಡಿದ್ದೆವು, ಇನ್ನೊಬ್ಬರು ನೋಡಿದ್ದಾರೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ನೋಡುವುದು ಹಿಂದಿನಿಂದ, ಬಾಗಿಲು ತೆರೆದು, ಅಗುಳಿಯನ್ನು ಭದ್ರಪಡಿಸಿ, ನಳಿಕೆಯ ಆ ತುದಿಯಲ್ಲಿ ಆಕಾಶ ಕಾಣುತ್ತದೆಯೇ ಎಂದು ನೋಡಬೇಕು. ಮುಂದಿನ ಬಾಯಿಯ ಎದುರು ಯಾರೂ ನಿಲ್ಲಬಾರದು. ಗೋಪುರ ತಿರುಗದಂತೆ ಅದರ ಬೀಗ ಹಾಕಿ, ಬ್ಯಾಟರಿಯ ತಂತಿ ಕಳಚಿ, ಒಬ್ಬನೇ ಒಬ್ಬನ ಆಜ್ಞೆಯಂತೆ ಕೆಲಸ ನಡೆಯಬೇಕು. ಒಳಗೆ ಮೂವರಿದ್ದು ಮೂವರೂ ಸನ್ನೆಗೋಲಿಗೆ ಕೈ ಹಾಕುವುದಕ್ಕಿಂತ ಕೆಟ್ಟ ಪದ್ಧತಿ ಬೇರೆ ಇಲ್ಲ.

ಅಗುಳಿಯನ್ನು ಹೊರತೆಗೆಯುವ ಮೊದಲು ಸ್ಪ್ರಿಂಗಿನ ಬಿಗಿಯನ್ನು ಆ ತೋಪಿನ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿಯೇ ಇಳಿಸಬೇಕು. ಬಿಗಿದ ಸ್ಪ್ರಿಂಗಿನ ಮುಚ್ಚಳವನ್ನು ಸುಮ್ಮನೆ ತಿರುಗಿಸಿದರೆ ಅದು ಗುಂಡಿನಂತೆಯೇ ಹಾರುತ್ತದೆ. ಅಗುಳಿಯನ್ನು ಎತ್ತಲು ಸರಪಳಿ ಕಪ್ಪಿಯಿದೆ, ಬೆನ್ನೆಲುಬು ಅದಕ್ಕಾಗಿ ಇರುವುದಲ್ಲ. ನಳಿಕೆಯ ಒದೆತವನ್ನು ತಾಳಿಕೊಳ್ಳುವ ಎಣ್ಣೆಯ ಸಿಲಿಂಡರುಗಳು ಪಕ್ಕದಲ್ಲಿಯೇ ಇರುತ್ತವೆ. ಅವುಗಳಲ್ಲಿ ಕೆಲವು ಒತ್ತಿ ತುಂಬಿದ ಅನಿಲದವು, ಅರ್ಧ ಶತಮಾನದ ನಂತರವೂ ಒತ್ತಡ ಉಳಿಸಿಕೊಂಡಿರಬಹುದು. ಅವುಗಳ ಬೋಲ್ಟು ಸವೆದಂತೆ ಕಂಡರೂ ಸ್ಪ್ಯಾನರು ಹಾಕಬಾರದು. ಬಿಚ್ಚಿದ ಪ್ರತಿಯೊಂದು ತುಂಡನ್ನೂ ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿ ಜೋಡಿಸಿ, ಎಣಿಸಿ, ಬರೆದುಕೊಂಡು, ಮತ್ತೆ ಸೇರಿಸುವಾಗ ಎಣಿಕೆ ತಾಳೆ ನೋಡಬೇಕು. ಕ್ಯಾಸಲ್‌ಮಾರ್ಟಿನ್ನಿನಲ್ಲಿ ಹೀಗೆ ತಾಳೆ ನೋಡಿದ್ದರೆ ಆ ಇಬ್ಬರು ಮನೆಗೆ ಹೋಗುತ್ತಿದ್ದರು. ಉಜ್ಜಲು ಪೆಟ್ರೋಲು ಬಳಸುವ ಚಪಲ ನಮ್ಮ ವರ್ಕ್‌ಶಾಪುಗಳಲ್ಲಿ ಇದೆ. ಗಾಳಿಯಾಡದ ಗೋಪುರದೊಳಗೆ ಅದರ ಹಬೆಯೇ ಮದ್ದಾಗುತ್ತದೆ. ತುಕ್ಕು ಬಿಡಿಸಿದ ಮೇಲೆ ಎಣ್ಣೆ ತೆಳುವಾಗಿರಬೇಕು. ದಪ್ಪ ಗ್ರೀಸು ಧೂಳನ್ನು ಹಿಡಿದು ಅಗುಳಿಯನ್ನು ಅರೆಬರೆ ಮುಚ್ಚಿಸುತ್ತದೆ, ಅರೆ ಮುಚ್ಚಿದ ಅಗುಳಿ ತೆರೆದದ್ದಕ್ಕಿಂತ ಮೋಸಗಾರ.

ಗುಂಡು ಹಾರಿಸುವ ಸೈನಿಕರಿಗೆ ಇನ್ನೊಂದು ಕಟ್ಟುಪಾಡು ಉಂಟು. ಗುಂಡಿ ಒತ್ತಿದರೂ ಸಿಡಿಯದಿದ್ದಾಗ, ಏನಾಯಿತು ನೋಡೋಣ ಎಂದು ಬಾಗಿಲು ತೆರೆಯುವಂತಿಲ್ಲ. ಮದ್ದು ಒಳಗೊಳಗೆ ಕಮರುತ್ತಿದ್ದು ತಡವಾಗಿ ಹತ್ತಿಕೊಳ್ಳಬಹುದು. ನಿಯಮದಲ್ಲಿರುವಷ್ಟು ಹೊತ್ತು ಬಾಗಿಲು ಮುಚ್ಚಿಯೇ ಕಾಯಬೇಕು. ದೀಪಾವಳಿಯಲ್ಲಿ ಹತ್ತದ ಪಟಾಕಿಯ ಮೇಲೆ ಬಾಗಿ ಊದುವ ಮಕ್ಕಳಿಗೆ ತಾಯಂದಿರು ಹೇಳುವ ಮಾತೂ ಇದೇ. 2016ರ ಮೇ ತಿಂಗಳಲ್ಲಿ ಅಮೆರಿಕದ ಆರಿಗಾನ್ ರಾಜ್ಯದ ಬೆಂಡ್ ಊರಿನ ಬಳಿ, ಎರಡನೆಯ ಮಹಾಯುದ್ಧದ ಕಾಲದ ಖಾಸಗಿ ಒಡೆತನದ ಟ್ಯಾಂಕ್ ನಾಶಕ ವಾಹನವೊಂದರಲ್ಲಿ ಗುಂಡು ತೋಪಿನೊಳಗೇ ಸಿಡಿದು ಇಬ್ಬರು ಸತ್ತರು. ಅವರು ಸೈನಿಕರಲ್ಲ, ಹಳೆಯ ಯಂತ್ರಗಳನ್ನು ಪ್ರೀತಿಸಿದವರು. ತರಬೇತಿ ಪಡೆದವರಿಗೂ ತೋಪು ರಿಯಾಯಿತಿ ಕೊಡುವುದಿಲ್ಲ: 2022ರ ಅಕ್ಟೋಬರಿನಲ್ಲಿ ಝಾನ್ಸಿಯ ಹತ್ತಿರದ ಬಬೀನಾದಲ್ಲಿ ಟಿ-90 ಟ್ಯಾಂಕಿನ ನಳಿಕೆ ಒಡೆದು ನಮ್ಮ ಇಬ್ಬರು ಯೋಧರು ಮಡಿದರು.

ಇಷ್ಟು ಅಪಾಯವಿರುವ ಯಂತ್ರವನ್ನು ಸೈನಿಕರು ಏಕೆ ಅಷ್ಟು ಅಕ್ಕರೆಯಿಂದ ಉಜ್ಜುತ್ತಾರೆ ಎಂಬುದಕ್ಕೆ ಉತ್ತರ 1971ರ ಡಿಸೆಂಬರ್ 16ರ ಬಸಂತರ್ ಕದನದಲ್ಲಿದೆ. ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಸೆಂಚೂರಿಯನ್ ಟ್ಯಾಂಕಿಗೆ ಬೆಂಕಿ ಹತ್ತಿದಾಗ ಬಿಟ್ಟು ಹೊರಬರಲು ಆಜ್ಞೆಯಾಯಿತು. ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂಬುದೇ ಅವರು ಹಿಂದಿರುಗದಿರಲು ಕೊಟ್ಟ ಕಾರಣ. ಮರಣೋತ್ತರ ಪರಮವೀರ ಚಕ್ರದ ಆ ಕಥೆಯನ್ನು ಪಾಠಗಳಲ್ಲಿ ಓದುವ ಮಕ್ಕಳು, ಆ ತೋಪು ಕೆಲಸ ಮಾಡುವಂತೆ ಅದರ ಹಿಂಬಾಗಿಲನ್ನು ದಿನದಿನವೂ ಒರೆಸಿಟ್ಟವರನ್ನೂ ನೆನೆಯಬೇಕು. ಅವರ ಹೆಸರು ಪಾಠದಲ್ಲಿ ಬರುವುದಿಲ್ಲ.

ಇನ್ನು ಕಾನೂನಿನ ಮಾತು. ನಮ್ಮ 1959ರ ಆಯುಧ ಅಧಿನಿಯಮದ 2ನೆಯ ಕಲಮು ನಿಷೇಧಿತ ಆಯುಧಗಳ ವ್ಯಾಖ್ಯೆಯೊಳಗೆ ಫಿರಂಗಿಯನ್ನು ಹೆಸರಿಟ್ಟು ಸೇರಿಸಿದೆ. 7ನೆಯ ಕಲಮಿನ ಪ್ರಕಾರ ಕೇಂದ್ರ ಸರಕಾರದ ವಿಶೇಷ ಅಧಿಕಾರಪತ್ರವಿಲ್ಲದೆ ಯಾರೂ ಅಂಥದನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸಿಗುವ ಬಂದೂಕಿನ ಲೈಸೆನ್ಸು ಇದಕ್ಕೆ ಸಾಲದು. ಮೀರಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸೆರೆವಾಸ. ಆಯುಧದ ಬಿಡಿಭಾಗಗಳೂ ಆಯುಧದ ವ್ಯಾಖ್ಯೆಯೊಳಗೇ ಬರುತ್ತವೆ. ಹಾಗಾಗಿ ಗುಜರಿ ಅಂಗಡಿಯ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿರುವ ಅಗುಳಿ ಬರಿಯ ಕಬ್ಬಿಣವೆಂದು ತಿಳಿಯುವುದು ಜಾಣತನವಲ್ಲ.

ಹಾಗಾದರೆ ಶಾಲೆಯ ಅಂಗಳದ ಟ್ಯಾಂಕು? 45ನೆಯ ಕಲಮು ಒಂದು ವಿನಾಯಿತಿ ಕೊಡುತ್ತದೆ. ಬಳಕೆತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಂತಿದ್ದರೆ ಅದಕ್ಕೆ ಅಧಿನಿಯಮ ಅನ್ವಯಿಸದು. ಇಲ್ಲಿ ಇಡೀ ತೂಕವಿರುವುದು 'ದುರಸ್ತಿ ಮಾಡಿದರೂ' ಎಂಬ ಮಾತಿನ ಮೇಲೆ. ತೋಟಾಕ್ಕೆ ಹೊಡೆಯುವ ಮೊಳೆಯನ್ನು ಕಳಚಿದ್ದೇವೆ, ಇನ್ನು ಭಯವಿಲ್ಲ ಎಂದು ಹೇಳುವವರುಂಟು. ಬೇರೆ ಊರಿನಲ್ಲಿ ಅದು ಸಮಾಧಾನದ ಮಾತಾದೀತು. ಗಣಪತಿಯಲ್ಲಿ, ಪೀಳಮೇಡಿನಲ್ಲಿ, ಸಿಂಗಾನಲ್ಲೂರಿನಲ್ಲಿ ಗಲ್ಲಿಗೊಂದು ಲೇತ್ ಇರುವ ಕೊಯಮತ್ತೂರಿನಲ್ಲಿ ಅಂಥ ಮೊಳೆಯನ್ನು ಕಡೆಯುವ ಕೈಗಳಿಗೆ ಕೊರತೆಯಿಲ್ಲ. ಕೌಶಲ ಹೆಚ್ಚಿದ್ದಷ್ಟೂ ಆಯುಧವನ್ನು ಕೊಲ್ಲುವ ಕೆಲಸ ಆಳವಾಗಿರಬೇಕು. ಅಗುಳಿಯನ್ನು ಬೆಸೆದು ಮುಚ್ಚುವುದು, ಮದ್ದಿನ ಕೋಣೆಯ ಗೋಡೆಯನ್ನು ಸೀಳುವುದು, ನಳಿಕೆಯೊಳಗೆ ಉಕ್ಕಿನ ಬಿರಡೆಯನ್ನು ಬೆಸೆಯುವುದು, ಇವೆಲ್ಲ ಆದ ಮೇಲೆಯೇ ಟ್ಯಾಂಕು ಪ್ರತಿಮೆಯಾಗುತ್ತದೆ. ಅದನ್ನು ಮಾಡಬೇಕಾದವರು ಸೇನೆಯವರು. ಊರಿನ ವೆಲ್ಡರ್ ಅಲ್ಲ.

ಪುರಾತನ ವಸ್ತು ಎಂಬ ನೆಪವೂ ಇಲ್ಲಿ ನಡೆಯದು. 1972ರ ಪ್ರಾಚ್ಯವಸ್ತುಗಳ ಅಧಿನಿಯಮಕ್ಕೆ ಒಳಪಡಲು ಸಾಮಾನ್ಯವಾಗಿ ನೂರು ವರ್ಷ ತುಂಬಿರಬೇಕು. ಟ್ಯಾಂಕು ಮೊದಲು ರಣರಂಗಕ್ಕೆ ಇಳಿದದ್ದೇ 1916ರ ಸೆಪ್ಟೆಂಬರಿನಲ್ಲಿ. ನಮ್ಮ ದೇಶದ ವೃತ್ತಗಳಲ್ಲಿ ನಿಂತಿರುವ ವಿಜಯಂತಗಳಿಗೆ ಆ ಗೌರವ ಸಿಗಲು ಇನ್ನೂ ಎರಡು ತಲೆಮಾರು ಕಾಯಬೇಕು.

ಇದೇ ಪ್ರಶ್ನೆ ಜರ್ಮನಿಯ ನ್ಯಾಯಾಲಯದ ಮುಂದೆಯೂ ಬಂದಿತ್ತು. ಕೀಲ್ ನಗರದ ಬಳಿ ಒಬ್ಬ ವೃದ್ಧರು ತಮ್ಮ ಬಂಗಲೆಯ ನೆಲಮಾಳಿಗೆಯಲ್ಲಿ ಮಹಾಯುದ್ಧದ ಕಾಲದ ಪ್ಯಾಂಥರ್ ಟ್ಯಾಂಕನ್ನೂ ವಿಮಾನವಿರೋಧಿ ತೋಪನ್ನೂ ಇಟ್ಟುಕೊಂಡಿದ್ದರು. 2015ರಲ್ಲಿ ಸುಮಾರು ಇಪ್ಪತ್ತು ಸೈನಿಕರು ಒಂಬತ್ತು ಗಂಟೆಗಳಷ್ಟು ಹೆಣಗಾಡಿ ಅದನ್ನು ಹೊರಗೆ ಎಳೆದರು. ವರ್ಷಗಟ್ಟಲೆ ನಡೆದ ವಾದದ ತಿರುಳು, ಇವು ಇನ್ನೂ ಆಯುಧಗಳೇ ಅಥವಾ ಬರಿಯ ಕಬ್ಬಿಣವೇ ಎಂಬುದು. 2021ರಲ್ಲಿ ಅವರಿಗೆ ಅಮಾನತಿನಲ್ಲಿಟ್ಟ 14 ತಿಂಗಳ ಶಿಕ್ಷೆಯೂ ಎರಡೂವರೆ ಲಕ್ಷ ಯೂರೋ ದಂಡವೂ ಬಂತು. ಆಯುಧದ ಮೇಲಿನ ಪ್ರೀತಿ ತಪ್ಪಲ್ಲ, ಅದು ಸತ್ತಿದೆ ಎಂಬುದಕ್ಕೆ ಕಾಗದ ಬೇಕು.

ಈ ಎರಡು ಜಿಲ್ಲೆಗಳ ಕುಟುಂಬಗಳಿಗೆ ಟ್ಯಾಂಕಿಗಿಂತ ಹತ್ತಿರದ ಅಪಾಯವೊಂದಿದೆ. ಕೊಯಮತ್ತೂರಿನ ಎರಕದ ಕಾರ್ಖಾನೆಗಳು ಗುಜರಿಯನ್ನು ಕರಗಿಸಿ ಬದುಕುತ್ತವೆ. 2004ರ ಸೆಪ್ಟೆಂಬರ್ 30ರಂದು ದೆಹಲಿಯ ಪಕ್ಕದ ಸಾಹಿಬಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ, ಪರದೇಶದಿಂದ ಬಂದ ಗುಜರಿಯಲ್ಲಿ ಸೇರಿಕೊಂಡಿದ್ದ ಸಿಡಿಯದ ಗುಂಡು ಸ್ಫೋಟಿಸಿ ಹತ್ತು ಕಾರ್ಮಿಕರು ಸತ್ತರು. ಆ ಬಳಿಕ ಕೇಂದ್ರ ಸರಕಾರ ನಿಯಮ ಬಿಗಿಮಾಡಿತು: ಚೂರುಮಾಡದ ಲೋಹದ ಗುಜರಿಗೆ, ಅದರಲ್ಲಿ ಮದ್ದುಗುಂಡು ಇಲ್ಲವೆಂಬ ತಪಾಸಣಾ ಪತ್ರ ಹಡಗು ಏರುವ ಮೊದಲೇ ಬೇಕು. ಪತ್ರವಿದ್ದರೂ ಕಣ್ಣಿಗೆ ಕೆಲಸವಿದೆ. ಕುಲುಮೆಗೆ ಗುಜರಿ ಎತ್ತಿಹಾಕುವವನು ದಿನಗೂಲಿಯವನು, ಹೆಚ್ಚಿನ ಸಲ ಹೊರರಾಜ್ಯದವನು. ಒಂದು ಕಡೆ ಮುಚ್ಚಿದ ದಪ್ಪ ಕೊಳವೆ, ಚೂಪು ತುದಿಯ ಉರುಳೆ, ಹಿಂಭಾಗದ ನಡುವೆ ಗುಂಡಗಿನ ಬಿಲ್ಲೆಯಿರುವ ಹಿತ್ತಾಳೆಯ ಡಬ್ಬಿ ಕಂಡರೆ ಅದನ್ನು ಬದಿಗೆ ಎಸೆಯಬಾರದು, ಸುತ್ತಿಗೆಯಿಂದ ತಟ್ಟಬಾರದು, ನೀರು ಹಾಕಬಾರದು. ಇದ್ದಲ್ಲೇ ಬಿಟ್ಟು ಜನರನ್ನು ದೂರ ಸರಿಸಿ 112ಕ್ಕೆ ಕರೆ ಮಾಡಬೇಕು. ಹಿತ್ತಾಳೆಯ ಆಸೆಗೆ ಅದನ್ನು ಮನೆಗೆ ತರುವ ಅಪ್ಪಂದಿರೂ ಇದ್ದಾರೆ, ಹೂದಾನಿ ಮಾಡಲು. ಖಾಲಿ ತೋಟಾದ ಬುಡದ ಬಿಲ್ಲೆಯಲ್ಲಿ ಸಿಡಿಯದ ಮದ್ದು ಉಳಿದಿರಬಹುದು, ಅದು ಬಿಸಿಗೂ ಪೆಟ್ಟಿಗೂ ಹತ್ತುತ್ತದೆ. ಅಪ್ಪ ತಂದಿಟ್ಟದ್ದನ್ನು ಬೇಡವೆನ್ನುವ ಧೈರ್ಯ ಮಕ್ಕಳಿಗೆ ಶಾಲೆಯಲ್ಲಿಯೇ ಬರಬೇಕು.

ಶಾಲೆಗೊಂದು ಟ್ಯಾಂಕು ಬರಲಿ ಎಂದು ಹಂಬಲಿಸುವ ಪಾಲಕರ ಸಭೆಗಳು ಮೊದಲು ಕೇಳಬೇಕಾದುದು ಮೂರು ಕಾಗದಗಳನ್ನು. ತೋಪಿನಲ್ಲೂ ಹೊಟ್ಟೆಯಲ್ಲೂ ಮದ್ದುಗುಂಡು ಇಲ್ಲವೆಂಬ ಸೇನೆಯ ಪತ್ರ, ಹಿಂಬಾಗಿಲನ್ನು ಯಾವ ರೀತಿಯಲ್ಲಿ ನಿಷ್ಕ್ರಿಯಗೊಳಿಸಲಾಗಿದೆ ಎಂಬ ವಿವರ, ಒದೆತದ ಸಿಲಿಂಡರುಗಳ ಒತ್ತಡ ಇಳಿಸಲಾಗಿದೆ ಎಂಬ ಬರೆಹ. ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಗೋಪುರದ ಮೇಲಿನ ಮುಚ್ಚಳಗಳಿಗೆ ಬೀಗ ಸಾಲದು, ಬೆಸುಗೆ ಬೇಕು. ಬೀಗದ ಕೈ ಮಕ್ಕಳಿಗೆ ಎಲ್ಲಿದ್ದರೂ ಸಿಗುತ್ತದೆ.

ಟ್ಯಾಂಕನ್ನು ನಿಲ್ಲಿಸುವಾಗ ನಳಿಕೆಯನ್ನು ಆಕಾಶಕ್ಕೆ ಎತ್ತಿ ವೀರಭಂಗಿಯಲ್ಲಿ ಇಡುವುದು ವಾಡಿಕೆ. ನೋಡಲು ಚೆಂದ. ಆದರೆ ಬಾಯಿ ಮುಚ್ಚದಿದ್ದರೆ ಹಿಂಗಾರಿನ ಮಳೆಯೆಲ್ಲ ಅದರೊಳಗೆ ಇಳಿದು ಹಿಂಬಾಗಿಲಿನಲ್ಲಿ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಬೆಸುಗೆ ತುಕ್ಕು ಹಿಡಿದು ಬಿರಿಯುತ್ತದೆ, ನಿಂತ ನೀರಿನಲ್ಲಿ ಸೊಳ್ಳೆ ಬೇರೆ. ನಳಿಕೆಯನ್ನು ತುಸು ಕೆಳಕ್ಕೆ ಬಾಗಿಸಿ, ಬಾಯಿಗೆ ಲೋಹದ ಮುಚ್ಚಳ ಕೂರಿಸಬೇಕು. ಕಾರ್ತಿಕದ ಮಳೆ ನಿಂತ ಮೇಲೊಮ್ಮೆ, ಬೇಸಿಗೆ ರಜೆಗೆ ಮೊದಲೊಮ್ಮೆ ಬೆಸುಗೆಯ ಗೆರೆಯನ್ನು ತಿಳಿದವರಿಂದ ನೋಡಿಸಿ, ನೋಡಿದ ತಾರೀಖನ್ನೂ ನೋಡಿದವರ ಸಹಿಯನ್ನೂ ಶಾಲೆಯ ದಾಸ್ತಾನು ಪುಸ್ತಕದಲ್ಲಿ ದಾಖಲಿಸಿಡಬೇಕು.